ನೌಕೆ ತಡೆಯುವ ತೂಕ

ಭಾನುವಾರ ಬೆಳಗ್ಗೆ ಆ ಮನೆಯಲ್ಲಿ ಯಾರೂ ಒಂದು ಗುಟುಕು ನೀರನ್ನು ಕೂಡ ಕುಡಿಯುತ್ತಿರಲಿಲ್ಲ. ಒಂಬತ್ತಕ್ಕೆ ತೂಕ, ಬಾಯಿಗೆ ಏನಿದ್ದರೂ ಆಮೇಲೆ. ಹದಿಮೂರು ವರ್ಷದ ಮಗಳು ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ತಲೆ ಒಣಗಿಸಿಕೊಳ್ಳುತ್ತಿದ್ದಳು, ಒದ್ದೆ ಕೂದಲೂ ತೂಗುತ್ತದೆಂದು. ಬಾಚಣಿಗೆ ಎಳೆದಷ್ಟೂ ಕೂದಲು ಕಿತ್ತು ಬರುತ್ತಿತ್ತು.

"ಉದುರ್ಲಿ ಬಿಡು, ಅಷ್ಟು ಭಾರ ಕಮ್ಮಿ," ಎಂದರು ಅಜ್ಜಿ.

ತಾಯಿ ಹೊಲಿಗೆ ಯಂತ್ರದ ಮುಂದೆ ಕೂತು ಮಗಳ ಬೂದು ನಿಲುವಂಗಿಯ ಪಕ್ಕಗಳನ್ನು ಒಳಗೆ ಹಿಡಿದು ಹೊಲಿಯುತ್ತಿದ್ದಳು. ಆರು ತಿಂಗಳಲ್ಲಿ ಇದು ನಾಲ್ಕನೆಯ ಸಲ. ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಬೇರೆಯವರ ಮೈ ಅರ್ಧ ಇಂಚು ಇಳಿದರೂ ಕಣ್ಣಳತೆಯಲ್ಲೇ ಹೇಳಬಲ್ಲವಳು, ತನ್ನ ಮಗಳು ಕರಗುತ್ತಿರುವುದನ್ನು ಕಂಡೂ ಕಾಣದಂತಿದ್ದಳು. ಸುಳ್ಳೇಕೆ, ಮೊದಮೊದಲು ಅವಳಿಗೆ ಹೆಮ್ಮೆಯೂ ಆಗಿತ್ತು.

ಈ ತೂಕದ ಹುಚ್ಚು ಹಿಡಿಸಿದ್ದು ರೇಡಿಯೋ ಮಾಸ್ತರರು. ಹಿಂದೆ ನಿಜಕ್ಕೂ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಒಂದು ದಿನ ಕೆಟ್ಟ ರೇಡಿಯೋದ ಗೊರಗೊರದೊಳಗೆ ನಕ್ಷತ್ರಗಳಾಚೆಯ 'ಮೇಲಿನವರು' ಅವರೊಡನೆ ಮಾತಾಡಿದರಂತೆ. ಭೂಮಿ ಮುಳುಗುವ ಮುಂಚೆ ನೌಕೆ ಕಳಿಸುತ್ತೇವೆ, ಅದು ತಡೆಯುವುದು ಎರಡು ಸಾವಿರದ ನೂರು ಕಿಲೋ ಮಾತ್ರ ಎಂದರಂತೆ. ಅಷ್ಟು ದೂರದಿಂದ ಹಾರಿ ಬರುವವರಿಗೆ ಇನ್ನೊಂದು ನೌಕೆ ತರುವುದು ಕಷ್ಟವೇ ಎಂದು ಒಬ್ಬರೂ ಕೇಳಲಿಲ್ಲ. ಮುಚ್ಚಿಹೋದ ಮಂಜುಗಡ್ಡೆ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದರು, ನೌಕೆ ಇಳಿಯಲು ತಾರಸಿಯ ಮೇಲೆ ಸುಣ್ಣದಲ್ಲಿ ದೊಡ್ಡ ವೃತ್ತ ಬರೆದರು. ಗಡ್ಡೆ ತೂಗುತ್ತಿದ್ದ ಹಳೆಯ ತಕ್ಕಡಿ ಅಲ್ಲೇ ಇತ್ತು. ಅದರ ಮೇಲೆ ಈಗ ಮನುಷ್ಯರು ನಿಂತರು.

ಒಟ್ಟು ತೂಕವನ್ನು ಮನೆಗಳಿಗೆ ಸಮನಾಗಿ ಹಂಚುವುದು ಕ್ರಮ. ಹತ್ತನೆಯ ಮನೆ ಸೇರಿದ ಮೇಲೆ ಮನೆಗೆ ಇನ್ನೂರ ಹತ್ತು ಕಿಲೋ ಬಂತು. ಮನೆಯೊಳಗೆ ಯಾರು ಎಷ್ಟು ಇಳಿಯಬೇಕೆಂಬುದು ಹಿರಿಯರಿಗೆ ಬಿಟ್ಟದ್ದು, ಹಿರಿಯರು ತೀರ್ಮಾನಿಸಿದ್ದು ಹೇಗೆಂದು ಬೇರೆ ಹೇಳಬೇಕೆ?

"ದಿನವಿಡೀ ಬಸ್ ಓಡಿಸೋ ಗಂಡಸು ಹೊಟ್ಟೆ ಕಟ್ಟೋಕಾಗುತ್ತಾ?" ಎಂದಿದ್ದರು ಅಜ್ಜಿ, ಟೈಲರಮ್ಮನ ಅತ್ತೆ. "ನಂದಂತೂ ಮುದಿ ಮೈ, ಉಪವಾಸ ಇದ್ರೂ ಊದುತ್ತೆ. ನೀವಿಬ್ರು ಇಳೀರಿ."

ಅಲ್ಲಿಗೆ ಗಂಡನ ಎಪ್ಪತ್ತು, ಅತ್ತೆಯ ಅರವತ್ತಾರು ಹಾಗೇ ಉಳಿಯಿತು. ಸೊಸೆ ಐವತ್ತರಿಂದ ನಲವತ್ತಮೂರಕ್ಕೆ ಇಳಿದಳು. ಹುಡುಗಿ ನಲವತ್ತರಿಂದ ಮೂವತ್ತೊಂದಕ್ಕೆ. ಬೆಳೆಯುವ ಮಗುವಿಗೆ ಮಧ್ಯಾಹ್ನ ತಿಳಿಗಂಜಿ, ಸಂಜೆ ಅರ್ಧ ಸೇಬು.

ಹೋದ ಬುಧವಾರ ಅವಳು ಶಾಲೆಯಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಮನೆಗೆ ಕರೆತಂದ ಟೀಚರ್ ಬಾಗಿಲಲ್ಲೇ ನಿಂತು, "ಡಾಕ್ಟರಿಗೆ ತೋರಿಸಿ. ಇದು ಕಾಯಿಲೆ ಅಲ್ಲ, ಹಸಿವು," ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೋದರು.

ಅತ್ತೆಗೆ ಮಾತ್ರ ಖುಷಿಯೋ ಖುಷಿ. "ಕಾಲು ನೆಲಕ್ಕೆ ತಾಗ್ತಿಲ್ಲ ಅಂತ ಮಗು ಅಂದ್ಲಲ್ಲ, ಕೇಳಿಸ್ಕೊಂಡ್ಯಾ? ಭೂಮಿ ಅವಳನ್ನ ಬಿಡ್ತಾ ಇದೆ ಕಣೇ!"

"ಅತ್ತೆ, ಮಗು ಮುಟ್ಟಾಗಿ ನಾಲ್ಕು ತಿಂಗಳಾಯ್ತು."

"ಮೇಲೆ ಅದೆಲ್ಲ ಇರಲ್ಲ. ಈಗಲೇ ನಿಂತ್ರೆ ಒಳ್ಳೇದೇ ಆಯ್ತು."

ಟೈಲರಮ್ಮ ಗಂಡನ ಮುಖ ನೋಡಿದಳು. ಅವನು ತಟ್ಟೆಯ ಮೇಲಿನ ಕಣ್ಣನ್ನು ಎತ್ತಲಿಲ್ಲ.

ಅದೇ ವಾರ ಆ ಕಾರ್ಖಾನೆಗೆ ಸಾಕ್ಷ್ಯಚಿತ್ರ ತೆಗೆಯುವ ಹೆಂಗಸೊಬ್ಬಳು ಬಂದಿಳಿದಿದ್ದಳು. ಕ್ಯಾಮೆರಾ ತಾನೇ ಹೊರುವವಳು, ನಗುಮುಖದವಳು, ಯಾರನ್ನೂ ಹೀಯಾಳಿಸದವಳು. ಮಾಸ್ತರರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೃತ್ತ ತೋರಿಸಿದರು, ರೇಡಿಯೋ ತೋರಿಸಿದರು, ಮೇಲಿನವರ ಭಾಷೆಯೆಂದು ಮೂಗಿನಲ್ಲಿ ಏನೋ ಹಾಡಿಯೂ ತೋರಿಸಿದರು. "ಎಲ್ಲಾ ತೆಗೀರಮ್ಮ, ಮುಚ್ಚಿಡೋದು ಏನೂ ಇಲ್ಲ. ಜಗತ್ತೇ ನೋಡ್ಲಿ!"

ಶುಕ್ರವಾರ ಅವಳು ಟೈಲರಮ್ಮನ ಮನೆಗೂ ಬಂದಳು, ನಿಲುವಂಗಿ ಹೊಲಿಯುವುದನ್ನು ಚಿತ್ರಿಸಲು. ಕೆಲಸ ಮುಗಿದು ಕ್ಯಾಮೆರಾ ಮುಚ್ಚುವಾಗ ಸುಮ್ಮನೆ ಕೇಳಿದಳು, "ಅಕ್ಕ, ಚಿತ್ರ ನೋಡಿ ಹೊಸಬರು ಬರ್ತಾರೆ ಅಂತ ಮಾಸ್ತರು ಕಾಯ್ತಿದ್ದಾರೆ. ಶೂಟಿಂಗ್ ಸುದ್ದಿ ಕೇಳಿ ಈಗಾಗಲೇ ಎರಡು ಮನೆಯವರು ಫೋನ್ ಮಾಡಿದ್ರಂತೆ. ಅವರನ್ನ ನೌಕೇಲಿ ಎಲ್ಲಿ ಕೂರಿಸ್ತೀರಿ?"

ಚಿತ್ರದವಳು ಹೋದ ಮೇಲೆ ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಳು. ಹನ್ನೆರಡು ಮನೆಯಾದರೆ ಒಂದಕ್ಕೆ ನೂರ ಎಪ್ಪತ್ತೈದು. ಅದರಲ್ಲಿ ಗಂಡನನ್ನೂ ಅತ್ತೆಯನ್ನೂ ಕಳೆದಳು. ಮೂವತ್ತೊಂಬತ್ತು ಉಳಿಯಿತು, ತಾಯಿ ಮಗಳಿಬ್ಬರಿಗೆ.

ನೌಕೆ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಅದು ಬರುವಷ್ಟರಲ್ಲಿ ಹತ್ತಲು ಮಗಳು ಇರುವುದಿಲ್ಲ ಎಂಬುದು ಆ ಮೇಜಿನ ಮೇಲೆ ಬಿಳಿಯಾಗಿ ಬರೆದಿತ್ತು. ಇಷ್ಟು ದಿನ ನಾನೇ ಮಗುವಿನ ಬಾಯಿಗೆ ಬೀಗ ಹಾಕಿದೆನಲ್ಲ ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, ಅಂಗಡಿಗೆ ಹೋಗಿ ಬ್ರೆಡ್ಡು, ಬಾಳೆಹಣ್ಣು ತಂದಳು. ಶನಿವಾರವೆಲ್ಲ ಅತ್ತೆಯ ಕಣ್ಣು ತಪ್ಪಿಸಿ ಮಗಳಿಗೆ ತಿನ್ನಿಸಲು ನೋಡಿದಳು. ಹುಡುಗಿ ಹೆದರಿ ತುಟಿ ಬಿಚ್ಚಲಿಲ್ಲ. "ನಾಳೆ ಮುಳ್ಳು ಮೇಲೆ ಹೋದ್ರೆ ಅಜ್ಜಿ ಬಯ್ತಾರಮ್ಮ," ಎಂದಳು.

ಹಾಗಾಗಿ ಈ ಭಾನುವಾರ ಅವಳು ಬ್ರೆಡ್ಡನ್ನೂ ಹಣ್ಣನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೊರಟಳು.

ಕಾರ್ಖಾನೆಯ ತಣ್ಣನೆಯ ಸಿಮೆಂಟು ನೆಲದ ಮೇಲೆ ಹತ್ತೂ ಮನೆಯವರು ಬೂದು ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದರು. ಕ್ಯಾಮೆರಾ ತಕ್ಕಡಿಯತ್ತ ತಿರುಗಿತ್ತು. ಮಾಸ್ತರರು ಗಂಟಲು ಸರಿಮಾಡಿಕೊಂಡು ಸಿಹಿಸುದ್ದಿ ಸಾರಿದರು: ಮುಂದಿನ ತಿಂಗಳು ಇನ್ನೆರಡು ಮನೆ ಸೇರಲಿವೆ, ಎಲ್ಲರೂ ಇನ್ನಷ್ಟು ಹಗುರಾಗಬೇಕು. ಜನ ಚಪ್ಪಾಳೆ ತಟ್ಟಿದರು. ಟೈಲರಮ್ಮನ ಮನೆಯ ಸರದಿ ಬಂತು. ಅತ್ತೆ ಮೊಮ್ಮಗಳ ಬೆನ್ನು ತಳ್ಳಿ, "ಹತ್ತು," ಎಂದರು.

"ಬೇಡ," ಎಂದಳು ಟೈಲರಮ್ಮ. "ನನ್ನ ಮಗಳು ಹತ್ತಲ್ಲ."

"ಏನಂದೆ?"

"ಇವತ್ತೂ ಹತ್ತಲ್ಲ, ಇನ್ನು ಯಾವತ್ತೂ ಹತ್ತಲ್ಲ ಅಂದೆ." ಅವಳು ಮಾಸ್ತರರತ್ತ ತಿರುಗಿದಳು. "ಮಾಸ್ತರೇ, ಇನ್ನೆರಡು ಮನೆ ಸೇರಿದ್ರೆ ನನಗೂ ಇವಳಿಗೂ ಸೇರಿ ಮೂವತ್ತೊಂಬತ್ತು ಕಿಲೋ. ನಮ್ಮಿಬ್ಬರಲ್ಲಿ ಯಾರು ಸಾಯ್ಬೇಕು, ನೀವೇ ಹೇಳಿ."

"ಶರೀರದ ಮೋಹ ಮಾತಾಡಿಸ್ತಿದೆ," ಎಂದು ಮಾಸ್ತರರು ಮೆಲ್ಲಗೆ ನಕ್ಕರು. "ಮೇಲಿನವರು ಎಲ್ಲಾ ಲೆಕ್ಕ ಹಾಕಿದ್ದಾರೆ ತಾಯಿ."

"ಅವರಿಗೆ ಮಕ್ಕಳಿಲ್ಲ ಅಂತ ಕಾಣುತ್ತೆ. ಮಕ್ಕಳಿರೋರು ಹಾಕೋ ಲೆಕ್ಕ ಅಲ್ಲ ಇದು. ಅಪ್ಪ ತೂಗಿದಷ್ಟು ತೂಗಬಹುದು, ಅಜ್ಜಿ ತೂಗಬಹುದು, ಬೆಳೆಯೋ ಹುಡುಗಿ ಮಾತ್ರ ಕರಗಬೇಕಾ? ಇಲ್ಲಿರೋ ಹೆಣ್ಣುಮಕ್ಕಳ ಕೈ ಹಿಡಿದು ನೋಡಿ ಸ್ವಾಮಿ, ಬರೀ ಮೂಳೆ! ನಿಮ್ಮ ಹೊಟ್ಟೆಗೆ ಮೊನ್ನೆ ತಾನೇ ನಾನೇ ಬಟ್ಟೆ ಅಗಲ ಮಾಡಿ ಕೊಟ್ಟೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರ ನಗು ಆರಿತು. "ಅದನ್ನ ನಿಲ್ಸಮ್ಮ!" ಎಂದು ಕ್ಯಾಮೆರಾದತ್ತ ಕೈ ಬೀಸಿದರು.

"ಎಲ್ಲಾ ತೆಗೀರಿ ಅಂದಿದ್ರಲ್ಲ ಮಾಸ್ತರೇ," ಎಂದಳು ಚಿತ್ರದವಳು. ನಿಲ್ಲಿಸಲಿಲ್ಲ.

"ಮನೆ ಮಾನ ಹರಾಜು ಹಾಕ್ತಿದ್ದೀಯಲ್ಲೇ! ನಾಳೆ ಅವರು ಬಂದಾಗ ನೀನೂ ನಿನ್ನ ಮಗಳೂ ಇಲ್ಲೇ ಬಿದ್ದಿರ್ತೀರ!" ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ಬರ್ಲಿ ಅತ್ತೆ. ನಕ್ಷತ್ರದಿಂದ ಬಂದ್ರೂ ಸರಿ, ಮನೆಗೆ ಬಂದವರಿಗೆ ಊಟ ಹಾಕ್ತೀನಿ. ಊಟ ಬಿಡಿಸೋಕೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ."

ಅವಳು ಬ್ರೆಡ್ಡು ಬಿಚ್ಚಿ ಮಗಳ ಕೈಯಲ್ಲಿಟ್ಟಳು. ಹುಡುಗಿ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿದಳು, ಎರಡೂ ಕೈಯಲ್ಲಿ ಹಿಡಿದು, ಗಬಗಬನೆ. ಸಾಲಿನಿಂದ ಬಂಧುವೂ ಅಲ್ಲದ, ಗೆಳತಿಯೂ ಅಲ್ಲದ, ಹತ್ತನೆಯ ಮನೆಯ ಸೊಸೆ ತನ್ನ ಪುಟ್ಟ ಮಗಳ ಕೈ ಹಿಡಿದುಕೊಂಡು ಮುಂದೆ ಬಂದಳು.

"ಇನ್ನೂ ಇದೆಯಾ ಅಕ್ಕ?"

"ಇದೆ, ತಗೊಳ್ಳಮ್ಮ," ಎಂದು ಟೈಲರಮ್ಮ ಉಳಿದ ಪೊಟ್ಟಣವನ್ನೂ ಹಣ್ಣನ್ನೂ ಅವಳಿಗೆ ಕೊಟ್ಟಳು, ಮಗಳ ಹೆಗಲು ಬಳಸಿ ಬಾಗಿಲತ್ತ ನಡೆದಳು.

ಗಂಡ ಬೀದಿಗೆ ಓಡಿಬಂದ. "ಎಲ್ಲಿಗೆ ಹೊರಟೆ?"

"ಮೊದಲು ಡಾಕ್ಟರ ಹತ್ರ, ಆಮೇಲೆ ಮನೆಗೆ," ಎಂದಳು ಅವಳು, ನಿಲ್ಲದೆ. "ನೀವು ಅಲ್ಲೇ ಇರೋದಾದ್ರೆ ಇರಿ. ಬರೋದಾದ್ರೆ ದಾರೀಲಿ ಒಂದು ಡಜನ್ ಮೊಟ್ಟೆ ತನ್ನಿ."

ಅವನು ಬೂದು ನಿಲುವಂಗಿಯಲ್ಲಿ ಬೀದಿಯ ನಡುವೆ ಸ್ವಲ್ಪ ಹೊತ್ತು ನಿಂತಿದ್ದ. ಒಳಗಿನಿಂದ ತಾಯಿ ಕೂಗುತ್ತಿದ್ದರು. ಅವನು ಅಂಗಡಿಯ ಕಡೆ ತಿರುಗಿದ.