ಹುಳುವಿನ ಪದ್ಯ

ವಾಣಿ ಮೇಡಂ ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ಅಲ್ಲಿಗೆ ರೇಷ್ಮೆ ಬರುತ್ತಿದ್ದದ್ದು ನುಣುಪಾದ ನೂಲಿನ ಲಡಿಯಾಗಿ. ಹುಳುವಿನ ಯೋಚನೆ ಅವಳ ತಲೆಗೆ ಬಂದದ್ದೇ ಇಲ್ಲ. ಅದಕ್ಕೇ ತೊಂಬತ್ತೆರಡರಲ್ಲಿ ಪಕ್ಕದ ತಾಲ್ಲೂಕಿನ ವಿಜಯಪುರದ ಶಾಲೆಗೆ ವರ್ಗವಾಗಿ ಬಂದವಳು, ಊರಿನ ಎಷ್ಟೋ ಮನೆಗಳಲ್ಲಿ ರೇಷ್ಮೆಗೂಡು ಬೇಯುತ್ತಿದ್ದರೂ, ಆರನೇ ತರಗತಿಗೆ ತಾನೇ ಕಟ್ಟಿದ ಪದ್ಯವೊಂದನ್ನು ಖುಷಿಯಾಗಿ ಕಲಿಸಿಬಿಟ್ಟಳು:

ಪುಟ್ಟ ಹುಳುವಿಗೂ ಪ್ರಾಣವಿದೆ,
ಅದಕೂ ನಾಳೆಯ ಕನಸು ಇದೆ;
ಕೈಯಲಿ ಸಿಕ್ಕರೆ ಮೆಲ್ಲಗೆ ಬಿಡು,
ಬದುಕಲು ಅದಕೂ ದಾರಿ ಕೊಡು.

ಪದ್ಯವೇನೋ ಚೆನ್ನಾಗಿತ್ತು. ಮಕ್ಕಳು ಕುಣಿದು ಹಾಡಿದರು, ಮನೆಗೆ ಹೋಗಿ ಮರೆತರು. ಮಕ್ಕಳ ಪದ್ಯಗಳ ಪಾಡೇ ಅಷ್ಟು. ಮರೆಯದೆ ಉಳಿದವಳು ಚಂದನ ಒಬ್ಬಳೇ.

ಚಂದನಳ ಅಪ್ಪ ಕೊಂಡಪ್ಪನದು ಗೂಡಿನಿಂದ ನೂಲು ಬಿಚ್ಚುವ ಕಸುಬು. ಒಳಗಿನ ಹುಳು ಚಿಟ್ಟೆಯಾಗುವ ಮೊದಲೇ ಬೇಯಿಸಬೇಕು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡಾಗಿ ಗೂಡು ಕಸಕ್ಕೆ ಸಮ. ಹುಡುಗಿ ಒಂದು ಮಂಕರಿ ಗೂಡನ್ನು ಸೌದೆಯ ಹಿಂದೆ ಬಚ್ಚಿಟ್ಟಳು. ಚಿಟ್ಟೆಗಳೇನೋ ಬಂದವು. ಅವಕ್ಕೆ ಹಾರಲು ಬಾರದು, ತಿನ್ನಲೂ ಬಾರದು. ಸೌದೆಯ ಮೇಲೆ ಮೊಟ್ಟೆಯಿಟ್ಟು ಅಲ್ಲೇ ಸತ್ತವು. ಕೊಂಡಪ್ಪ ಮಗಳನ್ನು ಹಿಡಿದು ಚಚ್ಚಿ, ಶಾಲೆ ಬಿಡಿಸಿದ. ಆದರೂ ಅವಳು ಗೂಡು ಬೇಯುವ ಬಾಂಡ್ಲಿಯ ಬಿಸಿನೀರಿಗೆ ಕೈ ಹಾಕಿ ಎಳೆ ಹುಡುಕಲು ಒಪ್ಪಲಿಲ್ಲ.

ವಿಷಯ ತಿಳಿದು ವಾಣಿ ಸಂಜೆ ಅವರ ಮನೆಗೆ ಹೋದಳು. ಮನೆಯೆಲ್ಲ ಬೆಂದ ಹುಳುವಿನ ನಾತ. ಚಂದನ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದಿತ್ತು.

"ಇವಳನ್ನ ಶಾಲೆ ಬಿಡಿಸ್ಬೇಡಿ ಕೊಂಡಪ್ಪನೋರೇ. ಚೆನ್ನಾಗಿ ಓದ್ತಾಳೆ."

ಕೊಂಡಪ್ಪ ನೂಲು ಸುತ್ತುವ ಚರಕ ತಿರುಗಿಸುತ್ತಲೇ ಇದ್ದ. ಅವನ ಹೆಂಡತಿ ಕದಿರಮ್ಮನೇ ಮಾತಾಡಿದಳು. "ಹೊಟ್ಟೆಗೆ ಹಿಟ್ಟು ಕೊಡೋ ಕೆಲ್ಸನ ಪಾಪ ಅಂತಾಳೆ ಮೇಡಮ್ಮೋರೆ. ನೀವು ಹೇಳ್ಕೊಟ್ಟಿದ್ದಂತೆ. ಅದು ಸುಳ್ಳು ಅಂತ ನೀವೇ ಹೇಳಿ. ಬೆಳಗ್ಗೆ, ಸಂಜೆ ಬಾಂಡ್ಲಿ ಮುಂದೆ ಕೂತ್ರೆ ಸಾಕು, ನಾಳೆಯಿಂದ್ಲೇ ಕಳಿಸ್ತೀವಿ. ಇಲ್ದಿದ್ರೆ ಇಲ್ಲೇ ಬಿದ್ದಿರ್ಲಿ."

ವಾಣಿಗೆ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ತನ್ನ ಓದು ನಡೆದದ್ದೂ ಇಂಥದೇ ನೂಲಿನಿಂದ ಎಂದು ನೆನಪಾಗಿ ನಾಚಿಕೆಯಾಯಿತು. ಪದ್ಯವೇ ಸರಿ ಎಂದು ಹಟ ಹಿಡಿದರೆ ಈ ಹುಡುಗಿ ಮತ್ತೆ ಶಾಲೆಯ ಮುಖ ನೋಡುವುದಿಲ್ಲ. ಅವಳು ಚಂದನಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೋಡು ಮರಿ, ಪದ್ಯ ಸುಮ್ನೆ ಹಾಡೋಕೆ ಕಣಮ್ಮ. ಅದನ್ನೆಲ್ಲ ನಿಜ ಅಂದ್ಕೋಬಾರ್ದು. ಅಪ್ಪ ಅಮ್ಮ ಹೇಳ್ದಂಗೆ ಕೇಳು."

ಹುಡುಗಿ ತಲೆ ಎತ್ತಿ ಕೇಳಿದಳು. "ಎಲ್ಲಾ ಪದ್ಯಾನೂ ಹಂಗೇನಾ ಮೇಡಂ?"

"ಹೂಂ," ಎಂದಳು ವಾಣಿ.

ಚಂದನ ಅಳಲಿಲ್ಲ. ಎದ್ದು ಹೋಗಿ ಬಾಂಡ್ಲಿಯ ಮುಂದೆ ಕೂತು ಕೈ ಅದ್ದಿದಳು. ಕದಿರಮ್ಮ ಸಮಾಧಾನದಿಂದ ಕಾಫಿಗೆ ನೀರಿಟ್ಟಳು.

ಆಡಿದ ಮಾತಿನಂತೆ ಮಾರನೆಯ ದಿನ ಮಗಳನ್ನು ಶಾಲೆಗೆ ಕಳಿಸಿದರು. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ಆ ದಿನದ ಪಾಠ, ಹಸಿದವರ ಜೊತೆ ಹಂಚಿಕೊಂಡು ಉಣ್ಣಬೇಕೆನ್ನುವ ಪದ್ಯ. ಚಂದನ ಎದ್ದು ನಿಂತು ಒಂದಕ್ಷರ ತಪ್ಪದೆ ಓದಿದಳು.

"ಇದ್ರಿಂದ ಏನು ಕಲಿತ್ವಿ, ಹೇಳು," ವಾಣಿ ರೂಢಿಯಂತೆ ಕೇಳಿಬಿಟ್ಟಳು.

"ಏನೂ ಇಲ್ಲ ಮೇಡಂ. ಸುಮ್ನೆ ಹಾಡೋಕೆ."

ಉಳಿದ ಮಕ್ಕಳು ನಗಲಿಲ್ಲ. ಮೇಡಂ ಸರಿ ಅನ್ನುತ್ತಾರೋ ತಪ್ಪು ಅನ್ನುತ್ತಾರೋ ಎಂದು ಕಾದು ಕೂತರು. ವಾಣಿ ಅವಳಿಗೆ ಕೂತ್ಕೋ ಎಂದು ಹೇಳಿ, ಪುಸ್ತಕದಲ್ಲಿ ಮುಂದಿನ ಪಾಠ ತೆಗೆದಳು.