ನಿಮ್ದೇ, ತಗೊಂಡೋಗಿ

ನಮ್ಮ ಪಕ್ಕದ ಮನೆಯ ನಯಾಜ್ ಅಹಮದ್ ಹೂದಾನಿಗಳನ್ನು ಕೂಡಿಡುತ್ತಾನೆ. ಅವುಗಳಲ್ಲಿ ಒಂದು ದಿನವೂ ಹೂವಿಟ್ಟವನಲ್ಲ. ತುಮಕೂರಿನ ಮಂಡಿಪೇಟೆಯಲ್ಲಿ ಅವನದು ಪಿಂಗಾಣಿ ಅಂಗಡಿ. ಗುಲಾಬಿ ಹೂ ಬಿಡಿಸಿದ ಕಪ್-ಸಾಸರು ಮಾರಿ ಮಾರಿ ಬಣ್ಣ ಕಂಡರೇ ಆಗದ ಹಾಗಾಯಿತೋ ಏನೋ, ಮನೆಯ ಶೋಕೇಸಿನಲ್ಲಿ ಇರುವುದೆಲ್ಲ ಅಚ್ಚ ಬಿಳಿ. ಎಲ್ಲವೂ ಜರ್ಮನಿಯವು, ಅವನು ಹುಟ್ಟುವ ಹೊತ್ತಿಗೆ ಅಲ್ಲಿನ ಕಾರ್ಖಾನೆಗಳಲ್ಲಿ ತಯಾರಾದವು. ಹೊರಮೈಗೆ ಹೊಳಪಿಲ್ಲ, ಮುಟ್ಟಿದರೆ ರಂಗೋಲಿ ಪುಡಿಯ ನಯ. ಒಂದಕ್ಕೆ ಮೈತುಂಬ ಉದ್ದುದ್ದ ಗೀರು, ಒಂದಕ್ಕೆ ಜೇನುಗೂಡಿನಂಥ ಗುಳಿ, ಇನ್ನೊಂದು ಸೊಂಟ ತಿರುಚಿಕೊಂಡು ನಿಂತಿದೆ. ಬುಡ ನೋಡಿದರೆ ಹಸಿರು ಮುದ್ರೆಯಲ್ಲಿ ಈಗ ಭೂಪಟದಲ್ಲೇ ಇಲ್ಲದ ಪಶ್ಚಿಮ ಜರ್ಮನಿಯ ಹೆಸರು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡಿದ ಒಬ್ಬ ಜರ್ಮನ್ ಇಂಜಿನಿಯರನ ಸಾಮಾನು ಕೊಂಡಾಗ ಒಂದು ಸಿಕ್ಕಿತು, ಅಲ್ಲಿಂದ ಶುರುವಾದ ಹುಚ್ಚು. ನಯಾಜ್‌ನ ಹೆಂಡತಿ ನಿಶಾತ್ ಆಸ್ಪತ್ರೆಯಲ್ಲಿ ಕಡೆಯ ಉಸಿರೆಳೆಯುವಾಗ ಅವನು ಮನೆಯಲ್ಲಿ ಗೋವಾದಿಂದ ಬಂದ ಹೂದಾನಿಯ ಪಾರ್ಸೆಲ್ ಬಿಚ್ಚುತ್ತಿದ್ದ. ನಾನೇ ಹೋಗಿ ಬಾಗಿಲು ಬಡಿದು ಕರೆದುಕೊಂಡು ಹೋದೆ.

ನಾನು ಸರ್ವಮಂಗಳ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನಾಲಿಗೆ ಚೂರಿ ಎಂದು ಓಣಿಯಲ್ಲಿ ಹೆಸರಿದೆ, ಸುಳ್ಳೇನಲ್ಲ. ನಿಶಾತ್ ಮದುವೆಯಾಗಿ ಬಂದಾಗಿನಿಂದ ಎರಡು ಮನೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿದೆ. ಹಬ್ಬಕ್ಕೆ ಅವರ ಶಾವಿಗೆ ಪಾಯಸ ಬಂದರೆ, ನನ್ನ ಒಬ್ಬಟ್ಟೋ ಚಕ್ಕುಲಿಯೋ ತುಂಬಿಕೊಂಡು ಡಬ್ಬಿ ವಾಪಸ್ ಹೋಗುತ್ತದೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದನ್ನು ನಾನು ಅವಳಿಗಾಗಲಿ ಅವಳು ನನಗಾಗಲಿ ಹೇಳಿಕೊಡಬೇಕಾಗಿರಲಿಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದೆವು.

ಅವಳು ಹೋದ ಮೇಲೆ ಆ ಡಬ್ಬಿಯನ್ನು ಮಗಳು ಸೈಮಾ ಮುಂದುವರಿಸಿದಳು. ಅವಳು ಕೋರ ಎಂಬ ಹಳ್ಳಿಯ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಅಡುಗೆ, ಆಮೇಲೆ ಬಸ್ಸು, ಶುಕ್ರವಾರ ಬಂದರೆ ಹೂದಾನಿ ತೊಳೆಯುವ ಕೆಲಸ. ಕೆಲಸದವಳ ಕೈಗೆ ಅವನ್ನು ಕೊಡಲು ನಯಾಜ್‌ಗೆ ಧೈರ್ಯವಿಲ್ಲ. ಒಮ್ಮೆ ಒಂದರ ಬಾಯಿಗೆ ಕಣ್ಣಿಗೂ ಕಾಣದಷ್ಟು ಪೆಟ್ಟಾಗಿತ್ತು ಎಂದು ಮಗಳ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದ.

ಅಂಥ ಹುಡುಗಿಗೆ ಕುಣಿಗಲ್‌ನಿಂದ ಸಂಬಂಧ ಬಂತು. ಹುಡುಗ ಸಾದಿಕ್, ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ತಾಯಿ ರಹಿಮಾ ಬೀ ಅಮೃತೂರಿನಲ್ಲಿ ಹುಟ್ಟಿ ಬೆಳೆದವಳು, ಬಾಯ್ತುಂಬ ಮಾತು. ಸಂಬಂಧ ತಂದವನು ನಿಶಾತ್‌ಳ ತಮ್ಮ ತಾರಿಖ್. ನಿಶ್ಚಿತಾರ್ಥದ ದಿನ ಮನೆಯ ಹಿರಿಯ ಹೆಂಗಸಿನ ಜಾಗದಲ್ಲಿ ನನ್ನನ್ನೇ ಕೂರಿಸಿದ್ದರು. ಸೈಮಾ ತಲೆ ತಗ್ಗಿಸಿ ಉಂಗುರ ಹಾಕಿಸಿಕೊಂಡಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಆ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

ಊಟವಾದ ಮೇಲೆ ರಹಿಮಾ ಬೀ ಶೋಕೇಸಿನ ಮುಂದೆ ನಿಂತಳು. ನಯಾಜ್‌ಗೆ ಅಷ್ಟು ಸಾಕು. ಬಾಗಿಲು ತೆಗೆದು, ಆ ಸೊಂಟ ತಿರುಚಿದ ಹೂದಾನಿಯನ್ನು ಅವಳ ಕೈಗಿಟ್ಟು ಅದರ ಪುರಾಣ ಬಿಚ್ಚಿದ.

“ಯಾ ಅಲ್ಲಾ, ಎಷ್ಟ್ ಚೆನ್ನಾಗೈತೆ ಭಾಯ್,” ಎಂದಳು ಅವಳು.

“ನಿಮ್ದೇ, ತಗೊಂಡೋಗಿ,” ಎಂದ ನಯಾಜ್.

ಇದು ಅವರ ಮನೆಗಳಲ್ಲಿ ಆಡುವ ಮಾತು. ಬಂದವರು ಏನನ್ನಾದರೂ ಮೆಚ್ಚಿದರೆ ನಿಮ್ಮದೇ ಎನ್ನಬೇಕು. ಬಂದವರು, ನಿಮ್ಮಲ್ಲಿದ್ದರೂ ಒಂದೇ ನಮ್ಮಲ್ಲಿದ್ದರೂ ಒಂದೇ ಎಂದು ವಾಪಸ್ ಇಡಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ರಹಿಮಾ ಬೀ ವಾಪಸ್ ಇಡಲಿಲ್ಲ. “ಶುಭದ ಹೊತ್ತಲ್ಲಿ ಬೀಗರು ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು,” ಎಂದವಳೇ ಅದನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ನಯಾಜ್‌ನ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಾರು ತಿರುವು ದಾಟುವವರೆಗೂ ಗೇಟಿನಲ್ಲಿ ನಗುತ್ತಲೇ ನಿಂತಿದ್ದ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಸೈಮಾ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ ಫೋನಿನಲ್ಲಿ ಸಾದಿಕ್ ಜೊತೆ ಮಾತಾಡುವುದು, ಮುಖ ಮುಚ್ಚಿಕೊಂಡು ನಗುವುದು ನನಗೆ ಕಾಣುತ್ತಿತ್ತು. ಕೆಳಗೆ ಅವಳಪ್ಪ ಶೋಕೇಸಿನ ಖಾಲಿ ಜಾಗ ನೋಡುತ್ತ ಕೂತಿರುವುದೂ ಕಾಣುತ್ತಿತ್ತು. ನೆಪ ಮಾಡಿಕೊಂಡು ಒಮ್ಮೆ ಕುಣಿಗಲ್‌ಗೂ ಹೋಗಿ ಬಂದ. ಹೂದಾನಿ ಫ್ರಿಜ್ಜಿನ ಮೇಲೆ ಇತ್ತಂತೆ, ಪಕ್ಕದಲ್ಲಿ ಸೊಳ್ಳೆ ಬತ್ತಿಯ ಡಬ್ಬ. ವಾಪಸ್ ಕೊಡಿ ಎಂದು ಕೇಳಲು ಮರ್ಯಾದೆ ಬಿಡಲಿಲ್ಲ.

“ಸೊಳ್ಳೆ ಬತ್ತಿ ಟೀಚರ್! ಅದ್ರ ಪಕ್ಕದಲ್ಲಿ!” ಎಂದು ನನ್ನ ಮುಂದೆ ಹಣೆ ಚಚ್ಚಿಕೊಂಡ. ನಿಶಾತ್ ಸತ್ತ ದಿನವೂ ಅವನು ಹಣೆ ಚಚ್ಚಿಕೊಂಡಿರಲಿಲ್ಲ.

ತಾರಿಖ್ ಬಂದಿದ್ದ ಒಂದು ಸಂಜೆ, ನಾನೂ ಅಲ್ಲೇ ಇದ್ದೆ, ನಯಾಜ್ ಟೀ ಹೀರುತ್ತ ಕೇಳಿದ: “ಅಲ್ಲ, ಮಾತಿಗೆ ಕೇಳ್ತೀನಿ. ನಿಶ್ಚಯ ಆಗಿದ್ ಸಂಬಂಧ ಮುರಿದ್ರೆ, ಅವತ್ತು ಕೊಟ್ಟಿದ್ದು ತಗೊಂಡಿದ್ದು ಏನಾಗತ್ತೆ?”

“ಅವ್ರುದ್ ಅವ್ರಿಗೆ, ನಮ್ದು ನಮ್ಗೆ. ಅದೇ ರಿವಾಜು ಅಲ್ವಾ ಭಾಯ್? ಯಾಕ್ ಅಪಶಕುನ ಮಾತಾಡ್ತೀರಾ?” ಎಂದ ತಾರಿಖ್.

ನಯಾಜ್ ಶೋಕೇಸಿನ ಖಾಲಿ ಜಾಗದ ಕಡೆ ತಿರುಗಿ ಟೀ ಮುಗಿಸಿದ. ಅಷ್ಟರಲ್ಲೇ ನನಗೆ ಗೊತ್ತಾಗಬೇಕಿತ್ತು. ಯಾವ ಅಪ್ಪನಾದರೂ ಹಾಗೆ ಮಾಡಿಯಾನೇ ಎಂದುಕೊಂಡು ಸುಮ್ಮನಾದೆ.

ಮುಂದಿನ ವಾರ ಮಸೀದಿಯ ಹಿರಿಯರ ಮುಂದೆ ನಯಾಜ್ ಕಣ್ಣೀರು ಹಾಕಿದ. ಹುಡುಗ ಕುಡಿಯುತ್ತಾನಂತೆ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಬಾಟಲಿ ಹಿಡಿದು ಕೂತಿದ್ದನ್ನು ತನ್ನ ಗಿರಾಕಿಯೊಬ್ಬ ಕಣ್ಣಾರೆ ಕಂಡನಂತೆ. ಸಾದಿಕ್ ಅಡಿಕೆ ಚೂರೂ ಬಾಯಿಗೆ ಹಾಕದ ಹುಡುಗ. ಆದರೆ ಹೆಣ್ಣು ಹೆತ್ತವನ ಕಣ್ಣೀರಿಗೆ ಯಾರು ಸಾಕ್ಷಿ ಕೇಳುತ್ತಾರೆ? ಮಾತು ತುಮಕೂರಿನಿಂದ ಕುಣಿಗಲ್‌ಗೆ ಬಸ್ಸಿಗಿಂತ ಬೇಗ ತಲುಪಿತು. ಸಾದಿಕ್‌ನ ಅಂಗಡಿಗೆ ಬಂದವರು ಮೂಗು ಅರಳಿಸಿ ವಾಸನೆ ನೋಡಿ ಹೋಗುತ್ತಿದ್ದರಂತೆ.

ನಾನು ನಯಾಜ್‌ನ ಮನೆಗೆ ನುಗ್ಗಿ ಕೇಳಿದೆ. “ನೆಗಡಿ ಆಯ್ತು ಅಂತ ಮೂಗ್ ಕೊಯ್ಕೊಳ್ತಾರೇನ್ರೀ? ಒಂದು ಹೂದಾನಿಗೆ ಮಗಳ ಬಾಳು ಹಾಳ್ಮಾಡ್ತೀರಾ?”

“ಹೂದಾನಿ ವಿಷ್ಯ ಯಾರ್ ಎತ್ತಿದ್ರು ಟೀಚರ್?” ಎಂದ, ತಣ್ಣಗೆ. “ಹುಡ್ಗ ಕುಡೀತಾನೆ.”

ಸೈಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಕುಡಿಯಲ್ಲ ಅಬ್ಬಾ,” ಎಂದಳು. ಅವನು ಟಿವಿ ಸೌಂಡು ಜೋರು ಮಾಡಿದ.

ಸಂಬಂಧ ಮುರಿಯಿತು. ಸಾಮಾನು ಹಿಂದಿರುಗಿಸಲು ರಹಿಮಾ ಬೀ ತಾನೇ ಬಂದಳು. ಹುಡುಗನ ವಾಚು, ಬಟ್ಟೆ, ಬೆಳ್ಳಿ ತಟ್ಟೆ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಸೈಮಾ ಉಂಗುರ ಬಿಚ್ಚಿ ಕೊಟ್ಟಳು. ಕೊನೆಗೆ ಟವೆಲಿನಲ್ಲಿ ಸುತ್ತಿದ್ದ ಹೂದಾನಿ ಹೊರಬಂತು. ಅದೇ ಟವೆಲು.

“ಅವತ್ತು ನಿಮ್ ಮುಖ ನೋಡ್ದೆ ಭಾಯ್,” ಎಂದಳು. “ಕುಣಿಗಲ್ ಮುಟ್ಟೋ ಹೊತ್ಗೆ ನಂಗೂ ಅರ್ಥ ಆಯ್ತು, ನೀವು ಬಾಯ್ಮಾತಿಗೆ ಅಂದಿದ್ದು ಅಂತ. ಮಾರನೇ ದಿನಾನೇ ಕಳಿಸ್ಬೋದಿತ್ತು. ಆದ್ರೆ ಪಾತ್ರೆ ಖಾಲಿ ಹೆಂಗ್ ಕೊಡದು? ನಿಕಾ ದಿನ ಗೊತ್ಮಾಡಕ್ಕೆ ಬರುವಾಗ ಬಾದಾಮಿ ಕಲ್ಸಕ್ರೆ ತುಂಬ್ಕೊಂಡು ತರಾನ ಅಂತ ಎತ್ತಿಟ್ಟಿದ್ದೆ. ಯಾರೂ ಮುಟ್ಬಾರ್ದು ಅಂತ ಫ್ರಿಜ್ಜಿನ ಮ್ಯಾಲೆ.” ಟವೆಲು ಮಡಚುತ್ತ ಹೇಳಿದಳು: “ಇವತ್ತು ಖಾಲಿ ತಂದಿವ್ನಿ. ನನ್ ಜೀವದಾಗೇ ಮೊದಲ್ನೇ ಸಲ.”

ನನಗೆ ತಲೆ ಎತ್ತಲಾಗಲಿಲ್ಲ. ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು.

ನಯಾಜ್ ಅಷ್ಟರಲ್ಲಿ ಹೂದಾನಿಯನ್ನು ಕಿಟಕಿಯ ಬೆಳಕಿಗೆ ಒಯ್ದಿದ್ದ. ಅದರ ಬಾಯಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ, ಬುಡ ನೋಡಿದ, ಬಾಗಿ ಒಳಗೂ ನೋಡಿದ. ಅವನ ಎದೆಯಿಂದ ದೊಡ್ಡ ಉಸಿರು ಹೊರಬಂತು.

“ಸದ್ಯ, ಏನೂ ಆಗಿಲ್ಲ,” ಎಂದ.

ಸೈಮಾ ಅಪ್ಪನನ್ನೇ ನೋಡುತ್ತಿದ್ದಳು. ಅವಳು ಅಳುತ್ತಾಳೆಂದು ಹೆದರಿದ್ದೆ, ಅಳಲಿಲ್ಲ. ರಹಿಮಾ ಬೀಯನ್ನು ಗೇಟಿನವರೆಗೆ ಕಳಿಸಿ ಬಂದು, ಮೇಜಿನ ಮೇಲಿದ್ದ ಟೀ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಮಳೆಗಾಲ ಕಳೆಯಿತು. ಸಾದಿಕ್‌ಗೆ ಬೇರೆ ಕಡೆ ಮದುವೆಯಾಯಿತೆಂದು ತಾರಿಖ್ ನನಗೆ ಹೇಳಿದ, ಸೈಮಾಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಾನೇ ಹೇಳಿದೆ. “ಒಳ್ಳೇದಾಯ್ತು ಆಂಟಿ,” ಎಂದಳು. ಶುಕ್ರವಾರದ ಕೆಲಸ ಮಾತ್ರ ಬಿಡಲಿಲ್ಲ. ಮಗುವಿಗೆ ಎರೆಯುವ ಹಾಗೆ ಒಂದೊಂದನ್ನೇ ತೊಳೆದು, ಒರೆಸಿ, ಜೋಡಿಸುತ್ತಿದ್ದಳು. ಮಗಳಿಗೆ ಬುದ್ಧಿ ಬಂತೆಂದು ನಯಾಜ್ ಬೀಗುತ್ತಿದ್ದ. ಆದರೂ ಶೋಕೇಸಿಗೆ ಬೀಗ ಹಾಕಿಸಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡ. ಶುಕ್ರವಾರ ಮಾತ್ರ ಅದು ಮಗಳ ಕೈಗೆ ಸಿಗುತ್ತಿತ್ತು.

ಗುಬ್ಬಿಯಿಂದ ಹೆಣ್ಣು ನೋಡಲು ಬಂದದ್ದೂ ಒಂದು ಶುಕ್ರವಾರವೇ, ನಮಾಜು ಮುಗಿದ ಮೇಲೆ. ದಿನ ಆರಿಸಿದವಳು ಸೈಮಾ. ನಾನು ಹೋಗುವಾಗ ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ಹೋಗಿದ್ದೆ. ಗದ್ದಲದಲ್ಲಿ ಕೊಡಲಾಗದೆ ಮಡಿಲಲ್ಲೇ ಇಟ್ಟುಕೊಂಡು ಕೂತೆ. ಗುಬ್ಬಿಯವರು ದೊಡ್ಡ ಸಂಸಾರ. ತಾಯಿ, ಚಿಕ್ಕಮ್ಮಂದಿರು, ಅತ್ತಿಗೆಯರು, ಹಾಲ್ ತುಂಬಿತ್ತು.

ಸೈಮಾ ಟೀ ಕೊಟ್ಟಳು. ಹುಡುಗನ ತಾಯಿ ಶೋಕೇಸಿನ ಕಡೆ ನೋಡಿ, “ಚೆನ್ನಾಗಿದಾವಲ್ಲ,” ಎಂದಳು, ಮಾತಿಗೆ.

“ನಿಮ್ದೇ ಆಂಟಿ, ತಗೊಂಡೋಗಿ,” ಎಂದಳು ಸೈಮಾ. ಶುಕ್ರವಾರವಲ್ಲವೇ, ಶೋಕೇಸಿಗೆ ಬೀಗವಿರಲಿಲ್ಲ. ಗೀರಿನ ಹೂದಾನಿಯನ್ನು ತೆಗೆದು ಅವಳ ಮಡಿಲಿಗಿಟ್ಟಳು.

“ಅಯ್ಯೋ ಬ್ಯಾಡಮ್ಮ, ಇಲ್ಲೇ ಇರ್ಲಿ.”

“ಬೇಡ ಅಂದ್ರೆ ಅಬ್ಬಾಗೆ ಬೇಜಾರಾಗತ್ತೆ. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋರಲ್ಲ ಅವ್ರು. ಅಲ್ವಾ ಅಬ್ಬಾ?”

ಹಾಲ್ ಪೂರ್ತಿ ನಯಾಜ್ ಕಡೆ ತಿರುಗಿತು. “ಹೌದು,” ಎಂದ. “ತಗೊಳ್ಳಿ.”

ಜೇನುಗೂಡಿನದು ಚಿಕ್ಕಮ್ಮನಿಗೆ ಹೋಯಿತು. ಮೊಗ್ಗಿನಂತಿದ್ದದ್ದು ಅತ್ತಿಗೆಗೆ. ನಿಶಾತ್ ಸಾಯುವ ದಿನ ಬಂದ ಗೋವಾದ್ದನ್ನು, ಆಡುತ್ತಿದ್ದ ಸಣ್ಣ ಹುಡುಗಿಯ ಕೈಗೆ ಕೊಟ್ಟಳು. ಆ ಮಗು ಅದನ್ನು ತಲೆಗೆ ಟೋಪಿ ಮಾಡಲು ನೋಡಿತು. ಪ್ರತಿ ಸಲವೂ ಸೈಮಾ ಅಪ್ಪನತ್ತ ನೋಡಿ ನಗುತ್ತಿದ್ದಳು, ಅವನು ಪ್ರತಿ ಸಲವೂ ತಗೊಳ್ಳಿ ಎನ್ನುತ್ತಿದ್ದ, ದನಿ ಸಣ್ಣಗಾಗುತ್ತ ಹೋಯಿತು. ಕುಣಿಗಲ್‌ನಿಂದ ಖಾಲಿ ಬಂದದ್ದನ್ನು ಮಾತ್ರ ಅವಳು ಮುಟ್ಟಲಿಲ್ಲ. ಗುಬ್ಬಿಯವರು ಇಂಥ ಧಾರಾಳದ ಮನೆ ಕಂಡೇ ಇಲ್ಲವೆಂದು ಹರಸುತ್ತ ಹೊರಟರು. ಗೇಟಿನಲ್ಲಿ ಏನೋ ಒಡೆದ ಸದ್ದಾಯಿತು, ಮಗುವಿಗೆ ಯಾರೋ ಗದರಿದರು.

ಬಾಗಿಲು ಹಾಕಿ ಬಂದ ಸೈಮಾ ಹೇಳಿದಳು: “ಹುಡ್ಗ ನಂಗೆ ಒಪ್ಪಿಗೆ ಇಲ್ಲ ಅಬ್ಬಾ. ಹೇಳ್ಬಿಡಿ ಅವ್ರಿಗೆ. ಇನ್ನೂ ನಿಶ್ಚಯ ಆಗಿಲ್ವಲ್ಲ, ಮುರಿಯೋಕೆ ಏನೂ ಇಲ್ಲ. ವಾಪಸ್ ಬರೋಕೂ ಏನೂ ಇಲ್ಲ.”

ಅವಳು ಖಾಲಿ ಕಪ್ಪುಗಳನ್ನು ಜೋಡಿಸತೊಡಗಿದಳು. ನಯಾಜ್ ಬಹಳ ಹೊತ್ತು ಶೋಕೇಸಿನ ಮುಂದೆ ನಿಂತಿದ್ದ. ನನಗೆ, ದೇವರಾಣೆ, ಅವನ ಮೇಲೆ ಸ್ವಲ್ಪ ಕನಿಕರವೇ ಬಂತು. ಈಗಲಾದರೂ ಮಗಳ ಹತ್ತಿರ ಒಂದು ಮಾತು ಆಡುತ್ತಾನೆಂದು ಕಾದೆ. ಅವನು ನನ್ನ ಹತ್ತಿರ ಬಂದು ಬಗ್ಗಿ, ಪಿಸುದನಿಯಲ್ಲಿ ಹೇಳಿದ:

“ಟೀಚರ್, ನಿಮ್ ಮಾತು ಕೇಳ್ತಾಳೆ. ಸದ್ಯಕ್ಕೆ ಒಪ್ಕೋ ಅಂತ ಹೇಳಿ. ನಿಶ್ಚಯ ಒಂದ್ ಆಗ್ಲಿ. ಆಮೇಲೆ ಏನಾದ್ರೂ ಹೇಳಿ ಮುರಿಸ್ಬೋದು.”

ಕಪ್ಪುಗಳ ಸದ್ದು ನಿಂತಿತು. ಅವಳಿಗೆ ಕೇಳಿಸಿತ್ತು.

ನಾನು ಎದ್ದು ಸೈಮಾಳ ಹತ್ತಿರ ಹೋದೆ. ಡಬ್ಬಿಯ ಮುಚ್ಚಳ ತೆಗೆದು, ಚಕ್ಕುಲಿಯಷ್ಟನ್ನೂ ಅವಳ ದುಪಟ್ಟಾಕ್ಕೆ ಸುರಿದೆ. ಡಬ್ಬಿಯನ್ನು ಸೆರಗಿನಿಂದ ಒರೆಸಿ, ಒಂದು ಚೂರೂ ಉಳಿದಿಲ್ಲವೆಂದು ನೋಡಿಕೊಂಡು, ನಯಾಜ್‌ನ ಮುಂದೆ ಖಾಲಿ ಇಟ್ಟು ಮನೆಗೆ ಬಂದೆ.