ಹಿಂದಿನ ಬಾಗಿಲಿನ ಹೆಸರು

ತುಕ್ರಪ್ಪ ಕತ್ತಿಯ ತುದಿಯನ್ನು ಸ್ಟಿಕ್ಕರಿನ ಅಂಚಿಗೆ ಕೊಡುವಷ್ಟರಲ್ಲಿ ಅಸ್ಕರ್ ಓಡಿ ಬಂದು ಅವನ ಮಣಿಕಟ್ಟು ಹಿಡಿದ.

"ಕತ್ತಿ ಬೇಡ ತುಕ್ರಪ್ಪಣ್ಣ. ಪೈಂಟೇ ಎದ್ದು ಬರ್ತದೆ. ಅಂಟಿಸಿದ್ದು ನಾನು, ನಾನೇ ತೆಗೀತೇನೆ."

"ಬೇಗ ಆಗ್ಬೇಕು ಮಾರಾಯ. ಮಧ್ಯಾಹ್ನದ ಒಳಗೆ ಎತ್ತಬೇಕು."

ಜಗಲಿಯಲ್ಲಿ ಸುಧಾಕರ ಮಲಗಿದ್ದ. ಬದುಕಿದ್ದಾಗ ಹಗಲು ಹೊತ್ತಿನಲ್ಲಿ ಅಲ್ಲಿ ಒಂದು ಗಳಿಗೆ ಬೆನ್ನು ಊರಿದವನಲ್ಲ. ಆಸ್ಪತ್ರೆಯಲ್ಲಿ ಅವನು ಕೊನೆಗೆ ಕೇಳಿದ್ದು ಒಂದೇ, ಸ್ಮಶಾನಕ್ಕೆ ತನ್ನ ಪಿಕಪ್ಪಿನಲ್ಲೇ ಹೋಗಬೇಕು ಎಂದು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಗಾಡಿಯ ಹಿಂದಿನ ಬಾಗಿಲಿನ ತುಂಬ ಅಂಟಿದ್ದ ಕೆಂಪು ಹಾಳೆಯ ಬಗ್ಗೆ. ಅದರಲ್ಲಿ 'ಶ್ರೀ ಪಂಜುರ್ಲಿ ಪ್ರಸನ್ನ' ಎಂದಿತ್ತು. ದೈವದ ಹೆಸರು ಹೊತ್ತ ಗಾಡಿಯಲ್ಲಿ ಹೆಣ ಹೋಗಬಾರದು, ತೆಗೆಯಲಾಗದಿದ್ದರೆ ಆಂಬುಲೆನ್ಸೇ ಸರಿ ಎಂದು ಸತ್ತವನ ಅಣ್ಣ ತುಕ್ರಪ್ಪ ಪಟ್ಟು ಹಿಡಿದಿದ್ದ. ಹಾಗಾಗಿ ಪೇಟೆಯ ಸ್ಟಿಕ್ಕರ್ ಅಂಗಡಿಯ ಅಸ್ಕರನಿಗೆ ಫೋನು ಹೋಗಿತ್ತು.

ಸುಧಾಕರನ ಹೆಂಡತಿ ಕುಸುಮ ಗಂಡನ ಕಾಲ ಬಳಿ ಕುಳಿತು ಅಂಗಳವನ್ನೇ ನೋಡುತ್ತಿದ್ದಳು. ಆ ಕೆಂಪು ಹಾಳೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ದೈವದ ಮೇಲೆ ಮುನಿಸಲ್ಲ. ಅದು ಬರುವ ಮೊದಲು ಆ ಜಾಗದಲ್ಲಿ ಅವಳ ಹೆಸರಿತ್ತು.

*

ಪಿಕಪ್ ತಂದ ಹೊಸದರಲ್ಲಿ ಸುಧಾಕರ ಮುಂಡಾಜೆ ಕಡೆಯಿಂದ ಹಾಲಿನ ಕ್ಯಾನು ಸಾಗಿಸುತ್ತಿದ್ದ. ಹಿಂದಿನ ಬಾಗಿಲಿನಲ್ಲಿ ದೊಡ್ಡದಾಗಿ 'ಕುಸುಮ' ಎಂದು ಅಂಟಿಸಿಕೊಂಡು ಬಂದಿದ್ದ. ಹೆಂಡತಿಗೆ ಒಂದು ಚೆಂಡು ಮಲ್ಲಿಗೆ ತರಲಿಕ್ಕೂ ನಾಚಿ ಸಾಯುವವನು ಅವಳ ಹೆಸರನ್ನು ತಾಲೂಕಿಡೀ ಮೆರೆಸಿಬಿಟ್ಟ. "ಎಂತ ಮರ್ಲು ಇದು" ಎಂದು ಕುಸುಮ ಗದರಿದಳು. ಆದರೆ ಗಾಡಿ ತೊಳೆಯುವಾಗ ಆ ಬಾಗಿಲನ್ನು ಮಾತ್ರ ತಾನೇ ಒರೆಸುತ್ತಿದ್ದಳು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಅವನು ವಾಮದಪದವಿನ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಗಾಡಿ ಇಟ್ಟ. ಆ ಮಳೆಗಾಲ ಲಾಯಿಲದಲ್ಲಿ ಅವಳ ತಾಯಿಗೆ ಸೌಖ್ಯವಿರಲಿಲ್ಲ. ಬಾಡಿಗೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಎಂದ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವಳು ಬಸ್ಸು ಹತ್ತಿ ಹೋದಳು. ತಿರುಗಿ ಬಂದಾಗ ಅವಳ ಹೆಸರಿನ ಜಾಗದಲ್ಲಿ ಕೆಂಪು ಹಾಳೆ.

"ದೈವದ ಹೆಸರಿದ್ರೆ ಒಳ್ಳೇದಲ್ವಾ" ಎಂದ ಸುಧಾಕರ, ಊಟದ ಬಟ್ಟಲಿನಿಂದ ಮುಖ ಎತ್ತದೆ.

"ಒಳ್ಳೇದೇ" ಎಂದಳು.

ಆಮೇಲೆ ಅವಳು ಆ ಗಾಡಿ ಹತ್ತಲಿಲ್ಲ. ಬಂಟ್ವಾಳಕ್ಕಾದರೂ ಮೂಡುಬಿದಿರೆಗಾದರೂ ಬಸ್ಸೇ. ಸ್ಟಾಪಿನಲ್ಲಿ ಅವಳನ್ನು ಕಂಡರೆ ಅವನು ಗಾಡಿ ನಿಧಾನ ಮಾಡುವನು. ಅವಳು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸುವಳು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ಕೇಳಲಿಲ್ಲ. ಸಂಸಾರ ನಡೆಯಿತು, ಮಗ ರಂಜಿತ್ ಎದೆಯುದ್ದ ಬೆಳೆದ, ಚುಚ್ಚಿದ ಮುಳ್ಳು ಮಾತ್ರ ಒಳಗೇ ಉಳಿಯಿತು.

*

ಅಸ್ಕರನ ಹೀಟ್ ಗನ್ ಸ್ವಲ್ಪ ಹೊತ್ತು ಬಿಸಿಗಾಳಿ ಊದಿ ನಿಂತುಹೋಯಿತು. ಕರೆಂಟು ಹೋಗಿತ್ತು.

"ಬಿಸಿನೀರಾದ್ರೂ ಸಾಕು. ಬಟ್ಟೆ ಅದ್ದಿ ಇಟ್ರೆ ಅಂಟು ಮೆತ್ತಗಾಗ್ತದೆ."

ಸಾವಿನ ಮನೆ, ಅಡಿಗೆಯ ಒಲೆ ಹೊತ್ತಿರಲಿಲ್ಲ. ಇದ್ದದ್ದು ಬಚ್ಚಲಿನ ಹಂಡೆಯ ನೀರು, ಹೆಣ ಮೀಯಿಸಲು ಕಾಯಿಸಿಟ್ಟದ್ದು.

"ಅದನ್ನು ಮುಟ್ಟುವ ಹಾಗಿಲ್ಲ" ಎಂದ ತುಕ್ರಪ್ಪ.

ಕುಸುಮ ಎದ್ದು ಹೋಗಿ ಬಾಲ್ದಿಯಲ್ಲಿ ಅದೇ ನೀರು ತಂದಿಟ್ಟಳು. "ಗಾಡಿಯೂ ಅವರದ್ದೇ ಅಲ್ವಾ ಭಾವ. ಎರಡಕ್ಕೂ ಸಾಕಾಗುವಷ್ಟು ಉಂಟು."

ಅಸ್ಕರ್ ಹಬೆಯಾಡುವ ಬಟ್ಟೆಯನ್ನು ಒತ್ತಿ ಹಿಡಿದು, ಹೆಬ್ಬೆರಳಿನಿಂದ ಮೂಲೆ ಎಬ್ಬಿಸಿದ. ಹಾಳೆಯನ್ನು ನೇರ ಕೀಳದೆ, ಅದರ ಮೇಲೆಯೇ ಮಡಚಿ ಇಷ್ಟಿಷ್ಟೇ ಹಿಂದಕ್ಕೆ ಎಳೆದ. ಅರ್ಧ ಬರುವಾಗ ಕೈ ನಿಲ್ಲಿಸಿದ.

"ಕುಸುಮಕ್ಕ, ಇದರ ಅಡಿಯಲ್ಲಿ ಇನ್ನೊಂದು ಉಂಟು."

ಹಾಳೆ ಪೂರ್ತಿ ಬಂತು. ನೆಲಕ್ಕೆ ತಾಗಬಾರದೆಂದು ತುಕ್ರಪ್ಪ ಅದನ್ನು ಬಾಳೆಲೆಯಲ್ಲಿ ಹಿಡಿದುಕೊಂಡ. ಬಾಗಿಲಿನಲ್ಲಿ ಹಳದಿ ಅಕ್ಷರಗಳಲ್ಲಿ 'ಕುಸುಮ' ಎಂದಿತ್ತು. ಅಲ್ಲಲ್ಲಿ ಬಿರುಕು ಬಿಟ್ಟದ್ದು ಬಿಟ್ಟರೆ ಎಲ್ಲ ಇದ್ದ ಹಾಗೇ ಇತ್ತು.

"ಕಿತ್ತಿರಲಿಲ್ವಾ?" ಎಂದಳು ಕುಸುಮ.

"ಕೀಳ್ಲಿಕ್ಕೆ ಸುಧಾಕರಣ್ಣ ಬಿಡ್ಲಿಲ್ಲ ಅಕ್ಕ. ಸ್ಟ್ಯಾಂಡಿನಲ್ಲಿ ಗಾಡಿಯನ್ನು ಅದರ ಮೇಲಿನ ಹೆಸರಿನಲ್ಲೇ ಕರೆಯುದು. ಕುಸುಮ ಪಂಚರ್ ಆಗಿದ್ದಾಳೆ, ಕುಸುಮ ಕೆಸರಲ್ಲಿ ಹೂತಿದ್ದಾಳೆ ಅಂತ. ಅವರಿಗೆ ತಡೀಲಿಕ್ಕಾಗ್ಲಿಲ್ಲ. ಕಂಡಕಂಡವರ ಬಾಯಲ್ಲಿ ಅವಳ ಹೆಸರು ಬೇಡ ಅಂದ್ರು. ಕಿತ್ತು ಬೇರೆ ಹಾಕುವ ಅಂದೆ. ಬೇಡ, ಅದು ಇರ್ಲಿ, ಮೇಲಿಂದ ಮುಚ್ಚು ಅಂದ್ರು."

"ನನಗೆ ಹೇಳಬಹುದಿತ್ತಲ್ಲ."

"ನಿಮಗೆ ಗೊತ್ತುಂಟು ಅಂತ ನಾನು ತಿಳ್ಕೊಂಡಿದ್ದೆ."

ಕುಸುಮಳಿಗೆ ಮೊದಲು ಬಂದದ್ದು ಕೋಪ. ಜಗಲಿಯಲ್ಲಿ ಮಲಗಿದವನನ್ನು ಅಲುಗಾಡಿಸಿ ಎಬ್ಬಿಸಿ ಬೈಯಬೇಕೆನಿಸಿತು. ಬಸ್ ಸ್ಟಾಪಿನಲ್ಲಿ ತಾನು ಮುಖ ತಿರುಗಿಸಿದ್ದೆಲ್ಲ ನೆನಪಾಗಿ ಕೋಪ ತನ್ನ ಮೇಲೆಯೇ ತಿರುಗಿತು. ಬೆಳಗ್ಗಿನಿಂದ ಬಾರದ ಅಳು ಆಗ ಬಂತು.

ತುಕ್ರಪ್ಪ ಹಳದಿ ಅಕ್ಷರಗಳತ್ತ ಗದ್ದ ಆಡಿಸಿದ. "ಇದನ್ನೂ ತೆಗೀಬೇಕು ಅಸ್ಕರ್. ಬದುಕಿರುವವಳ ಹೆಸರು ಸ್ಮಶಾನಕ್ಕೆ ಹೋಗ್ಬಾರ್ದು. ಅವಳ ಒಳ್ಳೇದಕ್ಕೇ ಹೇಳುದು."

ಕುಸುಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೇ ತೆಗೀತೇನೆ."

ಹಳೆಯ ಅಕ್ಷರಗಳು ಹಾಳೆಯಂತೆ ಏಳಲಿಲ್ಲ, ಹಪ್ಪಳದ ಹಾಗೆ ತುಂಡಾದವು. ಅಸ್ಕರ್ ಹೇಳಿಕೊಟ್ಟಂತೆ ಬಿಸಿ ಬಟ್ಟೆ ಒತ್ತಿ, ಉಗುರು ತಾಗಿಸದೆ, ಬೆರಳಿನಿಂದ ಉಜ್ಜಿ ಉಜ್ಜಿ ಅವಳು ತನ್ನ ಹೆಸರನ್ನು ತಾನೇ ತೆಗೆದಳು. ಉಳಿದ ಅಂಟಿಗೆ ತೆಂಗಿನೆಣ್ಣೆ ಸವರಿ ಒರೆಸಿದಳು.

ಒರೆಸಿದ ಮೇಲೂ ಹೆಸರು ಅಲ್ಲೇ ಇತ್ತು. ಅದನ್ನು ಹೊತ್ತು ಓಡಿದ ವರ್ಷಗಳಲ್ಲಿ ಸುತ್ತಲಿನ ನೀಲಿ ಬಣ್ಣ ಮಾಸಿತ್ತು. ಅಕ್ಷರಗಳ ಅಡಿಯಲ್ಲಿ ಮಾತ್ರ ಬಿಸಿಲು ತಾಗದ ನೀಲಿ, ಗಾಡಿ ತಂದ ದಿನದ್ದು.

ಅಸ್ಕರ್ ಚೀಲದಿಂದ ಪಾಲಿಶಿನ ಡಬ್ಬಿ ತೆಗೆದ. "ಇದರಲ್ಲಿ ಉಜ್ಜಿದ್ರೆ ಹೆಚ್ಚುಕಮ್ಮಿ ಹೋಗ್ತದೆ."

"ಬೇಡ ಅಸ್ಕರ್."

"ಅಕ್ಷರ ಕಾಣ್ತದಲ್ಲ ಕುಸುಮ" ಎಂದ ತುಕ್ರಪ್ಪ.

"ಸ್ಟಿಕ್ಕರ್ ತೆಗೆದಾಯ್ತಲ್ಲ ಭಾವ. ಇದು ಗಾಡಿಯ ಬಣ್ಣ."

ತುಕ್ರಪ್ಪ ಬಾಳೆಲೆ ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ಮೀಯಿಸಲಿಕ್ಕೆ ಗಂಡಸರನ್ನು ಕರೆದ.

ಸುಧಾಕರನನ್ನು ಮೀಯಿಸಿ ಗಾಡಿಗೆ ಏರಿಸಿದರು. ರಂಜಿತ್ ತಂದೆಯ ತಲೆಯ ಬಳಿ ಕುಳಿತ. ಹಿಂದಿನ ಬಾಗಿಲನ್ನು ಎತ್ತಿ ಕೊಂಡಿ ಹಾಕಿದವನು ತುಕ್ರಪ್ಪನೇ. ಹೆಂಗಸರು ಸ್ಮಶಾನಕ್ಕೆ ಹೋಗುವ ಕ್ರಮವಿಲ್ಲ; ಕುಸುಮ ಗೇಟಿನವರೆಗೆ ಬಂದು ನಿಂತಳು. ಪಿಕಪ್ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯಿತು. ಹಿಂದೆ ನಡೆಯುತ್ತಿದ್ದ ಗಂಡಸರ ಹೆಗಲುಗಳ ಸಂದಿನಲ್ಲಿ ಆ ಮೂರು ನೀಲಿ ಅಕ್ಷರಗಳು ಒಮ್ಮೆ ಕಾಣುತ್ತ, ಒಮ್ಮೆ ಮರೆಯಾಗುತ್ತ, ಸುಧಾಕರನ ಜೊತೆ ತಿರುವು ದಾಟಿದವು.